ನೀಲಿ ಕಾಗದದ ಸಿಪಾಯಿಗಳು

ನಾಲ್ಕು ವರ್ಷದ ಹಿಂದೆ ಆಫೀಸಿನಲ್ಲಿ ನನ್ನ ಪಾಲಿಗೆ ಒಂದು ಸಣ್ಣ ಟಿಕೆಟ್ ಬಂತು. ಅಮೆರಿಕದ ಕ್ಲೈಂಟ್ ಒಬ್ಬರ ನೇಮಕಾತಿ ಪೋರ್ಟಲ್‌ಗೆ ಒಂದು ಡ್ರಾಪ್‌ಡೌನ್ ಸೇರಿಸಬೇಕು, ಅಷ್ಟೇ. ಫೀಲ್ಡಿನ ಹೆಸರು 'ಕ್ಯಾರೆಕ್ಟರ್ ಆಫ್ ಸರ್ವಿಸ್'. ಒಳಗೆ ಐದು ಆಯ್ಕೆ: ಆನರಬಲ್, ಜನರಲ್, ಅದರ್ ದ್ಯಾನ್ ಆನರಬಲ್, ಬ್ಯಾಡ್ ಕಾಂಡಕ್ಟ್, ಡಿಸ್‌ಆನರಬಲ್. ಸೈನ್ಯದಲ್ಲಿ ಇದ್ದು ಬಂದ ಅಭ್ಯರ್ಥಿಗಳು ಮಾತ್ರ ತುಂಬಬೇಕು. ಆದರೆ ತುಂಬದೆ ಮುಂದಿನ ಪುಟಕ್ಕೆ ಹೋಗೋ ಹಾಗಿಲ್ಲ. ಅರ್ಧ ದಿನದ ಕೆಲಸ. ಮಾಡಿದೆ, ಟೆಸ್ಟ್ ಆಯ್ತು, ಟಿಕೆಟ್ ಮುಚ್ಚಿದೆ.

ಆಮೇಲೆ ಊಟಕ್ಕೆ ಕೂತಾಗ ಆ ಐದು ಆಯ್ಕೆ ತಲೆಯಲ್ಲಿ ಸುತ್ತೋಕೆ ಶುರುವಾಯ್ತು. ಒಬ್ಬ ಮನುಷ್ಯನ ನಡತೆಯನ್ನು ಡ್ರಾಪ್‌ಡೌನ್‌ಗೆ ಹಾಕೋಕಾಗುತ್ತಾ? ನಮ್ಮೂರ ಶಾಲೆಯ ಟಿಸಿಯಲ್ಲೂ ನಡತೆ ಅಂತ ಒಂದು ಕಾಲಂ ಇತ್ತು. ಹೆಡ್‌ಮಾಸ್ಟರು ಎಲ್ಲರಿಗೂ, ಹೊಲದ ಕಡ್ಲೆಕಾಯಿ ಕಿತ್ತು ತಿಂದು ಸಿಕ್ಕಿಬಿದ್ದ ನನಗೂ ಸೇರಿ, 'ತೃಪ್ತಿಕರ' ಅಂತ ಬರೆದು ಕಳಿಸುತ್ತಿದ್ದರು. ಬೆಂಗಳೂರಿಗೆ ಬಂದ ಮೇಲೆ ನಮಗೆಲ್ಲ ರಿಲೀವಿಂಗ್ ಲೆಟರ್ ಅಂತ ಇನ್ನೊಂದು ಕಾಗದ ಗಂಟುಬಿತ್ತು. ಅದು ಕೈಗೆ ಬರೋವರೆಗೆ ಎಂಥವರಿಗೂ ನಿದ್ದೆ ಬರಲ್ಲ, ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮುಗಿಯಲ್ಲ. ಆದರೂ ಅದರಲ್ಲಿ ನೀವು ಎಂಥ ಮನುಷ್ಯ ಅಂತ ಯಾರೂ ಬರೆಯಲ್ಲ. ಸೇರಿದ ದಿನ, ಬಿಟ್ಟ ದಿನ, ಒಂದು ಶುಭ ಹಾರೈಕೆ. ಮುಗೀತು.

ಅಮೆರಿಕದ ಸೈನಿಕನ ರಿಲೀವಿಂಗ್ ಲೆಟರ್‌ಗೆ ಡಿಡಿ-214 ಅಂತ ಹೆಸರು. 1950ರಿಂದ ಇದೆ. ಒಂದೇ ಹಾಳೆ. ಎಲ್ಲಿ ಕೆಲಸ ಮಾಡಿದ, ಎಷ್ಟು ದಿನ, ಯಾವ ಪದಕ, ಏನು ತರಬೇತಿ ಎಲ್ಲಾ ಮೇಲ್ಭಾಗದಲ್ಲಿ ಇರುತ್ತದೆ. ಈಗಿನ ನಮೂನೆಯಲ್ಲಿ ಜೀವನ ನಿರ್ಧಾರವಾಗೋದು ಕೆಳಗಿನ ನಾಲ್ಕು ಪುಟ್ಟ ಚೌಕಗಳಲ್ಲಿ. 24ನೆಯದು ನಾನು ಕೋಡ್ ಬರೆದ ಆ ನಡತೆಯ ಚೌಕ. 26ರಲ್ಲಿ ಬಿಡುಗಡೆಯ ಸಂಕೇತ, 27ರಲ್ಲಿ ಮತ್ತೆ ಸೇರಿಸಿಕೊಳ್ಳಬಹುದೇ ಇಲ್ಲವೇ ಅನ್ನುವ ಸಂಕೇತ, 28ರಲ್ಲಿ ಬಿಡುಗಡೆಗೆ ಕಾರಣ, ಮಾತಿನಲ್ಲಿ. ಐದು ನಡತೆಗಳಲ್ಲಿ ಕೊನೆಯ ಎರಡಕ್ಕೆ ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆದು ತೀರ್ಪು ಬರಬೇಕು. ಮೊದಲ ಮೂರಕ್ಕೆ ಅದೇನೂ ಬೇಡ, ಆಡಳಿತದ ಆದೇಶ ಸಾಕು. ಅಂದ್ರೆ 'ಅದರ್ ದ್ಯಾನ್ ಆನರಬಲ್' ಅನ್ನೋ ಮುದ್ರೆ ನ್ಯಾಯಾಧೀಶರ ಮುಖ ನೋಡದೆಯೇ ಬೀಳಬಹುದು. ಅದು ಬಿತ್ತು ಅಂದ್ರೆ ಚಿಕಿತ್ಸೆ, ಪಿಂಚಣಿ, ಮನೆ ಸಾಲ ಎಲ್ಲಾ ಅನುಮಾನ. ಎರಡನೆಯ ದರ್ಜೆಯ 'ಜನರಲ್' ಸಿಕ್ಕವನಿಗೂ ಕಾಲೇಜು ಓದಿನ ಹಣ ಸಿಗಲ್ಲ.

ಈ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಟೆಕ್ಸಾಸಿನ ಒಂದು ಗಡಿ ಊರಿಗೆ ಹೋಗಿ ನಿಲ್ಲುತ್ತೇವೆ.

ಊರಿನ ಹೆಸರು ಬ್ರೌನ್ಸ್‌ವಿಲ್. 1906ರ ಆಗಸ್ಟ್ 13ರ ಮಧ್ಯರಾತ್ರಿ ಹೊತ್ತಿಗೆ ಅಲ್ಲಿನ ಬೀದಿಯಲ್ಲಿ ಗುಂಡು ಹಾರಿತು. ಬಾರಿನಲ್ಲಿ ಕೆಲಸಕ್ಕಿದ್ದ ಒಬ್ಬ ಸತ್ತ, ಒಬ್ಬ ಪೊಲೀಸ್ ಅಧಿಕಾರಿ ತೋಳು ಕಳೆದುಕೊಂಡ. ಊರಿನ ಪಕ್ಕದ ಫೋರ್ಟ್ ಬ್ರೌನ್‌ನಲ್ಲಿ 25ನೇ ಪದಾತಿ ದಳದ ಮೂರು ಕಂಪನಿಗಳು ಬಂದು ಇಳಿದು ಸ್ವಲ್ಪವೇ ದಿನ ಆಗಿತ್ತು. ಸಿಪಾಯಿಗಳೆಲ್ಲ ಕಪ್ಪು ಜನ, ಅಧಿಕಾರಿಗಳು ಬಿಳಿಯರು. ಊರಿನವರು ಬೆರಳು ತೋರಿಸಿದ್ದು ಸಿಪಾಯಿಗಳ ಕಡೆಗೆ. ಆ ಹೊತ್ತಿನಲ್ಲಿ ಎಲ್ಲರೂ ಬ್ಯಾರಕ್ಕಿನಲ್ಲೇ ಇದ್ದರು ಅಂತ ಅವರ ಬಿಳಿಯ ಅಧಿಕಾರಿಗಳೇ ಹೇಳಿದರು. ಹನ್ನೆರಡು ಜನರನ್ನು ಹಿಡಿದು ಗ್ರ್ಯಾಂಡ್ ಜ್ಯೂರಿ ಮುಂದೆ ತಂದರು, ಜ್ಯೂರಿ ಆರೋಪ ಹೊರಿಸಲಿಲ್ಲ. ಸೈನ್ಯದ ತನಿಖಾಧಿಕಾರಿ ಬಂದು, ಗುಂಡು ಹಾರಿಸಿದ್ದು ಯಾರು ಅಂತ ಹೇಳಿ, ಇಲ್ಲಾಂದ್ರೆ ಎಲ್ಲರೂ ಮನೆಗೆ ಅಂದರು. ಯಾರೂ ಏನೂ ಹೇಳಲಿಲ್ಲ. ಗೊತ್ತಿಲ್ಲದ ವಿಷಯವನ್ನು ಹೇಳೋದಾದರೂ ಹೇಗೆ?

ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆ ಮೌನವನ್ನೇ ಒಳಸಂಚು ಅಂತ ತಿಳಿದರು. ನವೆಂಬರ್ ತಿಂಗಳಲ್ಲಿ ಒಂದೇ ಆದೇಶದಲ್ಲಿ 167 ಸಿಪಾಯಿಗಳಿಗೆ 'ವಿದೌಟ್ ಆನರ್' ಬಿಡುಗಡೆ. ಕಾಂಗ್ರೆಸ್ ಚುನಾವಣೆ ಮುಗಿಯುವವರೆಗೆ ಆದೇಶ ಹೊರಗೆ ಬರಲಿಲ್ಲ. ಕಪ್ಪು ಮತದಾರರು ಆಗ ರೂಸ್‌ವೆಲ್ಟ್ ಅವರ ಪಕ್ಷದ ಕಡೆಗಿದ್ದರು ನೋಡಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದು ಬೇರೆ ವಿಷಯ, ಬಿಡಿ.

'ವಿದೌಟ್ ಆನರ್' ಅಂದ್ರೆ ಅವಮಾನದ ಬಿಡುಗಡೆ ಅಲ್ಲ, ಗೌರವದ್ದೂ ಅಲ್ಲ. ಅವಮಾನದ್ದು ಅನ್ನಬೇಕಾದರೆ ವಿಚಾರಣೆ ಆಗಬೇಕಿತ್ತು, ಸಾಕ್ಷಿ ಬೇಕಿತ್ತು. ಇದಕ್ಕೆ ಎರಡೂ ಬೇಡ. ಫಲ ಮಾತ್ರ ಹೆಚ್ಚುಕಡಿಮೆ ಅದೇ: ಪಿಂಚಣಿ ಇಲ್ಲ, ಸೈನ್ಯದಲ್ಲಾಗಲಿ ಸರ್ಕಾರದಲ್ಲಾಗಲಿ ಮತ್ತೆ ಕೆಲಸ ಇಲ್ಲ. ಬಿ ಕಂಪನಿಯ ಸಾರ್ಜೆಂಟ್ ಮಿಂಗೋ ಸ್ಯಾಂಡರ್ಸ್ 26 ವರ್ಷ ದುಡಿದಿದ್ದ, ಕ್ಯೂಬಾದಲ್ಲೂ ಫಿಲಿಪ್ಪೀನ್ಸಿನಲ್ಲೂ ಯುದ್ಧ ಮಾಡಿದ್ದ. ಅವನಿಗೂ ಅದೇ ಕಾಗದ. ಸೆನೆಟರ್ ಜೋಸೆಫ್ ಫೋರೇಕರ್ ಜಗಳಕ್ಕೆ ನಿಂತು ಸೆನೆಟ್ ವಿಚಾರಣೆ ನಡೆಸಿದ ಮೇಲೆ, 1910ರಲ್ಲಿ 14 ಜನರನ್ನು ಮತ್ತೆ ಸೇರಿಸಿಕೊಂಡರು. ಉಳಿದವರು ಹಾಗೇ ಉಳಿದರು.

ಇಲ್ಲಿ ನನ್ನಂಥ ಕೋಡ್ ಬರೆಯುವವನಿಗೆ ಕಾಣೋದು ಒಂದೇ. ಸಿಸ್ಟಮ್ಮಿನಲ್ಲಿ 'ಹೌದು' ಮತ್ತು 'ಇಲ್ಲ' ಎರಡೇ ಇದ್ದಿದ್ದರೆ ರೂಸ್‌ವೆಲ್ಟ್ ಸಾಕ್ಷಿ ತರಲೇಬೇಕಿತ್ತು. ಮಧ್ಯದಲ್ಲಿ ಒಂದು ಮೂರನೇ ಮೌಲ್ಯ ಇತ್ತು, ಅದಕ್ಕೆ ಯಾವ ತಪಾಸಣೆಯೂ ಇರಲಿಲ್ಲ. ಅಂಥ ಮೌಲ್ಯ ಎಲ್ಲಿದ್ದರೂ ಜನ ಅದನ್ನೇ ಆರಿಸಿಕೊಳ್ಳುತ್ತಾರೆ, ಯಾಕೆಂದರೆ ಅದು ಸುಲಭ.

1916ರಲ್ಲಿ ಸೈನ್ಯ ಈ 'ವಿದೌಟ್ ಆನರ್' ಅನ್ನು ತೆಗೆದುಹಾಕಿತು. ತೆಗೆದದ್ದು ಹೆಸರನ್ನು ಮಾತ್ರ. ಅದರ ಜಾಗಕ್ಕೆ ಬಂದದ್ದು ಹೆಸರೇ ಇಲ್ಲದ ಒಂದು ಕಾಗದ. ಗೌರವದ ಬಿಡುಗಡೆಯನ್ನು ಬಿಳಿ ಹಾಳೆಯಲ್ಲಿ ಅಚ್ಚು ಹಾಕುತ್ತಿದ್ದರು, ಅವಮಾನದ್ದು ಹಳದಿ ಹಾಳೆ. ಇದನ್ನು ನೀಲಿ ಹಾಳೆಯಲ್ಲಿ ಅಚ್ಚು ಹಾಕಿದರು. ಜನ 'ಬ್ಲೂ ಡಿಸ್ಚಾರ್ಜ್' ಅಂದರು, ಕೆಲವರು ಬರೀ 'ಬ್ಲೂ ಟಿಕೆಟ್' ಅಂದರು. ಗೌರವದ್ದೋ ಅಲ್ಲವೋ ಅಂತ ಹಾಳೆ ಏನೂ ಹೇಳುತ್ತಿರಲಿಲ್ಲ. ಹೇಳೋ ಕೆಲಸ ಬಣ್ಣವೇ ಮಾಡುತ್ತಿತ್ತು. ಕೆಲಸ ಕೇಳಿಕೊಂಡು ಬಂದವನು ಜೇಬಿನಿಂದ ಮಡಚಿದ ನೀಲಿ ಹಾಳೆ ತೆಗೆದರೆ ಓದೋ ಅಗತ್ಯವೂ ಇರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಇದಕ್ಕೆ ಕೈತುಂಬ ಕೆಲಸ ಬಂತು. 1941ರ ಡಿಸೆಂಬರ್‌ನಿಂದ 1945ರ ಜೂನ್ ಕೊನೆಯವರೆಗೆ ಅಮೆರಿಕದ ಭೂಸೇನೆಯೊಂದೇ 48,603 ನೀಲಿ ಕಾಗದ ಕೊಟ್ಟಿತು. ಅದರಲ್ಲಿ 10,806 ಹೋಗಿದ್ದು ಕಪ್ಪು ಸೈನಿಕರಿಗೆ, ಅಂದ್ರೆ ಶೇ. 22ಕ್ಕೂ ಹೆಚ್ಚು. ಸೈನ್ಯದಲ್ಲಿ ಅವರ ಪಾಲು ಇದರ ಅರ್ಧವೂ ಇರಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಲ್ಲ ಅಂದವನನ್ನು, ಎದುರು ಮಾತಾಡಿದವನನ್ನು ಸೈನಿಕ ನ್ಯಾಯಾಲಯಕ್ಕೆ ಎಳೆದರೆ ಕೇಸು ನಿಲ್ಲದೇ ಹೋಗಬಹುದು. ನೀಲಿ ಕಾಗದಕ್ಕೆ ಆ ಭಯ ಇಲ್ಲ. ಇನ್ನೊಂದು ದೊಡ್ಡ ಗುಂಪು ಸಲಿಂಗಿಗಳದ್ದು. ಮೊದಲು ಅವರನ್ನು ಜೈಲಿಗೆ ಹಾಕುತ್ತಿದ್ದರು. ಯುದ್ಧದ ಹೊತ್ತಿನಲ್ಲಿ ಅಷ್ಟು ಜನರ ವಿಚಾರಣೆ ಮಾಡುತ್ತಾ ಕೂರೋದು ಕಷ್ಟ ಅಂತ ಮನೋವೈದ್ಯರಿಂದ ಒಂದು ಮಾತು ಬರೆಸಿ, ಅಧಿಕಾರಿಗಳ ಒಂದು ಮಂಡಳಿ ಕೂರಿಸಿ, ಕೈಗೆ ನೀಲಿ ಹಾಳೆ ಕೊಟ್ಟು ಕಳಿಸೋಕೆ ಶುರುಮಾಡಿದರು. ಜೈಲಿಗಿಂತ ಇದು ಮೆತ್ತಗಿನ ಕ್ರಮ ಅಂತ ಆಗಿನ ಸುಧಾರಕರು ನಿಜವಾಗಿಯೂ ನಂಬಿದ್ದರು.

ಮೆತ್ತಗೆ ಹೌದೋ ಅಲ್ಲವೋ ಅಂತ ಗೊತ್ತಾಗಿದ್ದು ಜಿಐ ಬಿಲ್ ಬಂದಾಗ. 1944ರ ಜೂನ್ 22ರಂದು ಸಹಿ ಬಿದ್ದ ಆ ಕಾನೂನು ಅಮೆರಿಕದ ಮಧ್ಯಮ ವರ್ಗವನ್ನು ಕಟ್ಟಿತು ಅಂದ್ರೆ ಉತ್ಪ್ರೇಕ್ಷೆ ಅಲ್ಲ. ಯುದ್ಧದಿಂದ ಬಂದವನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಕಾಲೇಜು ಶುಲ್ಕ, ತಿಂಗಳ ಖರ್ಚಿಗೆ ದುಡ್ಡು, ಕೆಲಸ ಸಿಗದಿದ್ದರೆ ವಾರಕ್ಕೆ 20 ಡಾಲರ್‌ನಂತೆ 52 ವಾರ ಭತ್ಯೆ, ಮನೆ ಸಾಲಕ್ಕೆ ಸರ್ಕಾರದ ಖಾತರಿ. ಓದು, ತರಬೇತಿಗೆ ಇದನ್ನು ಬಳಸಿದವರೇ 78 ಲಕ್ಷ ಜನ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೊದಲ ಡಿಗ್ರಿ ಬಂದ ಮೇಲೆ ಮನೆಯ ಹಣೆಬರಹವೇ ಬದಲಾಯಿತಲ್ಲ, ಅವರಿಗೂ ಅದೇ ಆಯಿತು.

ಕಾನೂನಿನ ಭಾಷೆ ಉದಾರವಾಗಿತ್ತು. ಬಿಡುಗಡೆ ಅವಮಾನದ್ದು ಆಗಿರಬಾರದು, ಅಷ್ಟೇ ಷರತ್ತು. ಈ ಲೆಕ್ಕದಲ್ಲಿ ನೀಲಿ ಕಾಗದದವರೂ ಒಳಗೆ. ಆದರೆ ಸವಲತ್ತು ಹಂಚುವ ಇಲಾಖೆ, ವೆಟರನ್ಸ್ ಅಡ್ಮಿನಿಸ್ಟ್ರೇಷನ್, ಪ್ರತಿ ನೀಲಿ ಕಾಗದವನ್ನೂ ತಾನೇ ತೂಗಿ ನೋಡುತ್ತೇನೆ ಅಂತ ಕೂತಿತು. ಸಲಿಂಗಿ ಅನ್ನುವ ಕಾರಣಕ್ಕೆ ಕೊಟ್ಟದ್ದಾದರೆ ಅದು ಅವಮಾನದ ಬಿಡುಗಡೆಗೆ ಸಮ ಅಂತ 1945ರಲ್ಲಿ ಸೂಚನೆಯನ್ನೇ ಹೊರಡಿಸಿತು. ಸೈನ್ಯ ಹೇಳದೆ ಬಿಟ್ಟ ತೀರ್ಪನ್ನು ಗುಮಾಸ್ತರು ಹೇಳಿದರು.

ಇದನ್ನು ಹೊರಗೆಳೆದದ್ದು 'ಪಿಟ್ಸ್‌ಬರ್ಗ್ ಕೂರಿಯರ್' ಅನ್ನುವ ಕಪ್ಪು ಜನರ ಪತ್ರಿಕೆ. 1945ರ ಅಕ್ಟೋಬರ್‌ನಲ್ಲಿ ನೀಲಿ ಕಾಗದದ ವಿರುದ್ಧ ಅಭಿಯಾನವನ್ನೇ ಶುರುಮಾಡಿತು. ಮೇಲ್ಮನವಿ ಹೇಗೆ ಹಾಕಬೇಕು ಅಂತ ಅಚ್ಚುಹಾಕಿತು. ತಮ್ಮ ಜನರ ಪರವಾಗಿ ಮಾತ್ರ ಮಾತಾಡಿ ಸುಮ್ಮನಾಗಬಹುದಿತ್ತು. ಆ ಕಾಲದಲ್ಲಿ ಯಾರೂ ಬಾಯಿ ಬಿಡದ ಸಲಿಂಗಿ ಸೈನಿಕರ ಪರವಾಗಿಯೂ ಅದು ಬರೆಯಿತು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. 1946ರ ಜನವರಿಯಲ್ಲಿ ಕಾರ್ಲ್ ಡರ್ಹಮ್ ನೇತೃತ್ವದ ಕಾಂಗ್ರೆಸ್ ಸಮಿತಿ ವರದಿ ಕೊಟ್ಟು, ಇಲಾಖೆ ಹೀಗೆ ತಾನಾಗಿ ತೀರ್ಪುಗಾರನಾಗೋದನ್ನು ಬೈಯಿತು. 1947ರ ಜುಲೈನಲ್ಲಿ ನೀಲಿ ಕಾಗದ ನಿಂತುಹೋಯಿತು.

ನಿಂತಿತು ಅಂದುಕೊಂಡರೆ, ಒಂದು ಎರಡಾಯಿತು. 'ಜನರಲ್' ಮತ್ತು 'ಅನ್‌ಡಿಸೈರಬಲ್', ಅಂದ್ರೆ ಬೇಡವಾದವನು. ಸಲಿಂಗಿಗಳು ಹೆಚ್ಚಾಗಿ ಎರಡನೆಯದಕ್ಕೆ ಬಿದ್ದರು. ಆ ಹೆಸರು ಸುಮಾರು ಮೂವತ್ತು ವರ್ಷ ನಡೆದು, 1970ರ ದಶಕದ ಕೊನೆಗೆ 'ಅದರ್ ದ್ಯಾನ್ ಆನರಬಲ್' ಆಯಿತು. ನನ್ನ ಡ್ರಾಪ್‌ಡೌನಿನ ಮೂರನೇ ಆಯ್ಕೆ. ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಬ್ರೌನ್ಸ್‌ವಿಲ್ ಸಿಗುತ್ತದೆ.

ಬಣ್ಣ ಹೋದ ಮೇಲೆ ಸಂಖ್ಯೆ ಬಂತು. ಡಿಡಿ-214ರಲ್ಲಿ ಎಸ್‌ಪಿಎನ್ ಅನ್ನುವ ಒಂದು ಚಿಕ್ಕ ಸಂಕೇತ ಇರುತ್ತಿತ್ತು. ಅವಧಿ ಮುಗಿಯಿತು ಅನ್ನೋದಕ್ಕೆ ಒಂದು, ಆಸಕ್ತಿ ಇಲ್ಲದವನು ಅನ್ನೋದಕ್ಕೆ ಒಂದು, ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುವವನು ಅನ್ನೋದಕ್ಕೂ ಒಂದು. ಕಾಗದದಲ್ಲಿ ದೊಡ್ಡದಾಗಿ 'ಆನರಬಲ್' ಅಂತ ಇದ್ದರೂ ಪಕ್ಕದಲ್ಲಿ ಈ ಅಂಕಿ ಕೂತಿರಬಹುದು. ಅದರ ಅರ್ಥ ಸೈನಿಕನಿಗೆ ಗೊತ್ತಿರುತ್ತಿರಲಿಲ್ಲ. ಕಂಪನಿಗಳ ಕೈಗೆ ಮಾತ್ರ ಅರ್ಥದ ಪಟ್ಟಿ ಹೇಗೋ ಸೇರಿತ್ತು. ವಿಯೆಟ್ನಾಂನಿಂದ ಬಂದ ಹುಡುಗ ಒಂದಾದ ಮೇಲೆ ಒಂದು ಸಂದರ್ಶನಕ್ಕೆ ಹೋಗುತ್ತಾನೆ, ಎಲ್ಲರೂ ಕಾಗದ ನೋಡಿ ಆಮೇಲೆ ತಿಳಿಸುತ್ತೇವೆ ಅನ್ನುತ್ತಾರೆ. ಕಾಗದ ಸರಿಯಾಗೇ ಇದೆಯಲ್ಲ ಅಂತ ಅವನು ತಲೆ ಕೆರೆದುಕೊಳ್ಳುತ್ತಾನೆ. ಗಲಾಟೆ ಜೋರಾಗಿ 1974ರಲ್ಲಿ ರಕ್ಷಣಾ ಇಲಾಖೆ ಕಾಗದದ ಮೇಲೆ ಈ ಸಂಖ್ಯೆ ಹಾಕೋದು ನಿಲ್ಲಿಸಿತು. ಹಳಬರು ಕೇಳಿದರೆ ಸಂಖ್ಯೆ ಇಲ್ಲದ ಹೊಸ ಪ್ರತಿ ಕೊಡುತ್ತೇವೆ ಅಂದಿತು. ಕೇಳಬೇಕು ಅಂತ ಗೊತ್ತಿದ್ದವರು ಕೇಳಿದರು.

ಈಗ ಎರಡು ಬಗೆಯ ಪ್ರತಿ ಇದೆ. ನಡತೆ, ಕಾರಣ, ಸಂಕೇತ ಎಲ್ಲಾ ಇರುವ ಉದ್ದದ್ದು ಒಂದು, ಅವನ್ನು ಬಿಟ್ಟ ಚಿಕ್ಕದು ಒಂದು. ಚಿಕ್ಕದನ್ನು ಕೊಟ್ಟರೆ, ಉದ್ದದ್ದು ಯಾಕೆ ಕೊಡಲಿಲ್ಲ ಅನ್ನೋ ಪ್ರಶ್ನೆ ಬರುತ್ತದೆ. ರೆಸ್ಯೂಮೆಯಲ್ಲಿ ಎಂಟು ತಿಂಗಳ ಗ್ಯಾಪ್ ಇದ್ದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

28ನೇ ಚೌಕದ ಕಥೆ ಇನ್ನೂ ಹತ್ತಿರದ್ದು. 'ಕೇಳಬೇಡ, ಹೇಳಬೇಡ' ನೀತಿ 1994ರಲ್ಲಿ ಜಾರಿಗೆ ಬಂದು 2011ರ ಸೆಪ್ಟೆಂಬರ್ 20ರಂದು ಕೊನೆಯಾಗುವವರೆಗೆ 13,000ಕ್ಕೂ ಹೆಚ್ಚು ಜನರನ್ನು ಸಲಿಂಗಿಗಳು ಅಂತ ಮನೆಗೆ ಕಳಿಸಿದರು. ಅವರಲ್ಲಿ ಬಹಳ ಜನಕ್ಕೆ 24ನೇ ಚೌಕದಲ್ಲಿ ಆನರಬಲ್ ಅಂತಲೇ ಇತ್ತು. 28ರಲ್ಲಿ ಮಾತ್ರ ಕಾರಣವನ್ನು ಬಿಡಿಸಿ ಬರೆದಿದ್ದರು. ಕೆಲಸಕ್ಕೆ ಅರ್ಜಿ ಹಾಕುವಾಗ, ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಎಲ್ಲಿ ಆ ಹಾಳೆ ಕೊಟ್ಟರೂ ತನ್ನ ಖಾಸಗಿ ವಿಷಯ ಗೊತ್ತಿಲ್ಲದವರ ಮೇಜಿನ ಮೇಲೆ ಬಿಚ್ಚಿಟ್ಟ ಹಾಗೆ. ಎಷ್ಟೋ ಜನ ಸೈನ್ಯದಲ್ಲಿದ್ದೆ ಅಂತ ಹೇಳಿಕೊಳ್ಳುವುದನ್ನೇ ಬಿಟ್ಟರು.

ವಿಯೆಟ್ನಾಂ ಕಾಲದವರದ್ದು ಇನ್ನೊಂದು ಪೇಚು. ಗೌರವದ್ದಲ್ಲದ ಕಾಗದ ಹಿಡಿದು ಬಂದವರು ಎರಡು ಲಕ್ಷಕ್ಕೂ ಹೆಚ್ಚು. ಕುಡಿತ, ಹೇಳದೆ ಕೇಳದೆ ಓಡಿಹೋಗಿದ್ದು, ಮೇಲಿನವರ ಜೊತೆ ಜಗಳ ಅಂತೆಲ್ಲ ಕಾರಣ. ಯುದ್ಧ ನೋಡಿದವರ ಮನಸ್ಸು ಹೀಗೆ ಕೆಡುವುದಕ್ಕೆ ಪಿಟಿಎಸ್‌ಡಿ ಅಂತ ಒಂದು ಹೆಸರಿಟ್ಟು ಅಮೆರಿಕದ ಮನೋವೈದ್ಯರು ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅಷ್ಟು ಹೊತ್ತಿಗೆ ಕಾಗದಗಳು ಅಚ್ಚಾಗಿ ಹೋಗಿದ್ದವು. ಚಿಕಿತ್ಸೆ ಬೇಕಾಗಿರೋದು ಯಾವ ಕಾಯಿಲೆಗೋ ಅದೇ ಕಾಯಿಲೆಯ ಲಕ್ಷಣದಿಂದ ಕಾಗದ ಕೆಟ್ಟಿದೆ, ಕಾಗದ ಕೆಟ್ಟಿರೋದರಿಂದ ಚಿಕಿತ್ಸೆ ಸಿಗಲ್ಲ. ನಾವು ಡೆಡ್‌ಲಾಕ್ ಅನ್ನೋದು ಇದಕ್ಕೇ. 2014ರ ಸೆಪ್ಟೆಂಬರ್‌ನಲ್ಲಿ, ತಾನೂ ವಿಯೆಟ್ನಾಂನಲ್ಲಿ ಸಾರ್ಜೆಂಟ್ ಆಗಿದ್ದ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್, ಇಂಥ ಮನವಿಗಳನ್ನು ಉದಾರವಾಗಿ ನೋಡಿ ಅಂತ ಆದೇಶ ಕೊಟ್ಟರು. ಅಷ್ಟರಲ್ಲಿ ಆ ಹುಡುಗರಿಗೆ ಅರವತ್ತು ದಾಟಿತ್ತು.

ಕಾಗದ ತಿದ್ದಿಸಿಕೊಳ್ಳೋ ದಾರಿ ಮೊದಲಿಂದಲೂ ಇದೆ. ಪರಿಶೀಲನಾ ಮಂಡಳಿಗಳು ಜಿಐ ಬಿಲ್ ಜೊತೆಗೇ ಬಂದವು. ಬಿಡುಗಡೆಯಾದ 15 ವರ್ಷದೊಳಗೆ ಅಲ್ಲಿಗೆ ಅರ್ಜಿ, ಆಮೇಲಾದರೆ ಇನ್ನೊಂದು ಮಂಡಳಿಗೆ. ತಪ್ಪಾಗಿದೆ ಅಂತ ತೋರಿಸಬೇಕಾದವನು ಸೈನಿಕ. ಅದಕ್ಕೆ ಅವನ ಹಳೆಯ ಕಡತ ಬೇಕು. ಆ ಕಡತಗಳು ಇದ್ದದ್ದು ಸೇಂಟ್ ಲೂಯಿಸ್ ಊರಿನ ಹತ್ತಿರ, ಓವರ್‌ಲ್ಯಾಂಡ್ ಅನ್ನುವಲ್ಲಿನ ಆರು ಮಹಡಿಯ ಕಟ್ಟಡದಲ್ಲಿ.

1973ರ ಜುಲೈ 12ರ ನಡುರಾತ್ರಿ ದಾಟಿದ ಮೇಲೆ ಆರನೇ ಮಹಡಿಗೆ ಬೆಂಕಿ ಬಿತ್ತು. ಕಡತ ಇಟ್ಟ ಜಾಗದಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಲಿಲ್ಲ. ಬೆಂಕಿ ಹತೋಟಿಗೆ ಬರೋಕೆ 22 ಗಂಟೆ, ಪೂರ್ತಿ ಆರೋಕೆ ನಾಲ್ಕೂವರೆ ದಿನ ಹಿಡಿಯಿತು. ಸುಟ್ಟಿದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತ. ನಕಲು ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಏನೇನಿತ್ತು ಅನ್ನೋ ಸೂಚಿ ಕೂಡ ಇರಲಿಲ್ಲ. ಬ್ಯಾಕಪ್ ಇಲ್ಲದ ಪ್ರೊಡಕ್ಷನ್ ಡೇಟಾಬೇಸ್ ಅಂದ್ರೆ ನಮ್ಮವರಿಗೆ ಮೈ ನಡುಗೋದು ಸುಮ್ಮನೆ ಅಲ್ಲ. 1912ರ ನವೆಂಬರ್‌ನಿಂದ 1960ರ ಮೊದಲ ದಿನದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇ. 80ರಷ್ಟು ಹೋದವು.

ಆ ವರ್ಷಗಳನ್ನು ಇನ್ನೊಮ್ಮೆ ನೋಡಿ. ಭೂಸೇನೆಯ ನೀಲಿ ಕಾಗದದ ಕಾಲ 1916ರಿಂದ 1947. ಪೂರ್ತಿ ಅದರ ಒಳಗೇ ಬರುತ್ತದೆ. ಮಂಡಳಿ ಏನು ಕೇಳಿತು, ಮನೋವೈದ್ಯ ಏನು ಬರೆದ, ಮೇಲಧಿಕಾರಿ ಯಾಕೆ ಸಿಟ್ಟಾದ ಅನ್ನೋದೆಲ್ಲ ಬಹುಪಾಲು ಬೂದಿ. ಅನ್ಯಾಯ ಆಗಿದೆ ಅಂತ ತೋರಿಸೋ ಪುರಾವೆ ಹೋಯಿತು. ಮನೆಯ ಪೆಟ್ಟಿಗೆಯಲ್ಲಿದ್ದ ನೀಲಿ ಹಾಳೆ ಮಾತ್ರ ಉಳಿಯಿತು.

ನಮ್ಮೂರಲ್ಲಿ ಮಿಲ್ಟ್ರಿ ತಾತ ಅಂತ ಒಬ್ಬರಿದ್ದರು. ತಮ್ಮ ಡಿಸ್ಚಾರ್ಜ್ ಪುಸ್ತಕವನ್ನು ರಸಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುತ್ತಿದ್ದರು. ಮಳೆಗಾಲದಲ್ಲಿ ಸೂರು ಸೋರಿದರೆ ಮೊದಲು ಹೊರಗೆ ಬರುತ್ತಿದ್ದದ್ದು ಆ ಟ್ರಂಕು, ಆಮೇಲೆ ರಾಗಿ ಚೀಲ. ನಾವು ಹುಡುಗರು ನಗುತ್ತಿದ್ದೆವು. ಡಿಡಿ-214ರ ತಲೆಯ ಮೇಲೆ, ಇದು ಮುಖ್ಯ ದಾಖಲೆ, ಜೋಪಾನವಾಗಿಡಿ ಅಂತ ಅಚ್ಚುಹಾಕಿರೋದನ್ನು ನೋಡಿದಾಗ ಅವರ ನೆನಪಾಯಿತು. ಅಮೆರಿಕದಲ್ಲೂ ಎಷ್ಟೋ ಸೈನಿಕರು ಯುದ್ಧ ಮುಗಿಸಿ ಬಂದವರೇ ಬಿಡುಗಡೆ ಪತ್ರವನ್ನು ಜಿಲ್ಲೆಯ ಕೋರ್ಟ್ ಕಚೇರಿಯಲ್ಲಿ ನೋಂದಣಿ ಮಾಡಿಸಿ ಇಟ್ಟಿದ್ದರು. ಬೆಂಕಿಯ ಮೇಲೆ ಅವರಲ್ಲಿ ಹಲವರನ್ನು ಉಳಿಸಿದ್ದು ಆ ನಕಲು. ನೀಲಿ ಕಾಗದದವರು ಅದನ್ನು ಸಾರ್ವಜನಿಕ ದಫ್ತರಿಗೆ ಹಾಕಿಸೋಕೆ ಯಾಕೆ ಹೋಗುತ್ತಾರೆ?

ಬ್ರೌನ್ಸ್‌ವಿಲ್‌ನವರ ವಿಷಯ ಹೇಳಿ ಮುಗಿಸುತ್ತೇನೆ. 1970ರಲ್ಲಿ ಜಾನ್ ವೀವರ್ ಅನ್ನುವ ಲೇಖಕ ಆ ಘಟನೆಯ ಮೇಲೆ ಪುಸ್ತಕ ಬರೆದು, ಸಿಪಾಯಿಗಳು ತಪ್ಪು ಮಾಡಿರಲಿಲ್ಲ ಅಂತ ವಾದಿಸಿದರು. ಕ್ಯಾಲಿಫೋರ್ನಿಯಾದ ಕಾಂಗ್ರೆಸ್ ಸದಸ್ಯ ಆಗಸ್ಟಸ್ ಹಾಕಿನ್ಸ್ ಅದನ್ನು ಹಿಡಿದು ಬೆನ್ನುಬಿದ್ದರು. 1972ರಲ್ಲಿ ಸೈನ್ಯ ಆ 167 ಬಿಡುಗಡೆಗಳನ್ನೂ ಗೌರವದ ಬಿಡುಗಡೆ ಅಂತ ಬದಲಾಯಿಸಿತು. ಹೆಚ್ಚುಕಡಿಮೆ ಎಲ್ಲರಿಗೂ ಅದು ಮರಣೋತ್ತರ. 1910ರಲ್ಲಿ ವಾಪಸ್ ಹೋಗದವರಲ್ಲಿ ಬದುಕಿದ್ದದ್ದು ಡಾರ್ಸಿ ವಿಲಿಸ್ ಒಬ್ಬರೇ. ಮಿನಿಯಾಪೊಲಿಸ್ ಊರಿನ ಒಂದು ಕ್ಷೌರದಂಗಡಿಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೂಟ್ ಪಾಲಿಶ್ ಮಾಡಿ, ನೆಲ ಗುಡಿಸಿ ಜೀವನ ಸಾಗಿಸಿದ್ದರು. 1973ರ ಫೆಬ್ರವರಿಯಲ್ಲಿ, ಸೇಂಟ್ ಲೂಯಿಸ್ ಕಟ್ಟಡ ಉರಿಯೋದಕ್ಕೆ ಐದು ತಿಂಗಳ ಮುಂಚೆ, ಅವರ 87ನೇ ಹುಟ್ಟುಹಬ್ಬದ ದಿನ ಸೈನ್ಯದ ಅಧಿಕಾರಿಯೊಬ್ಬರು ಬಂದು ಹೊಸ ಕಾಗದವನ್ನು ಕೈಗೆ ಕೊಟ್ಟರು. ಆಮೇಲೆ 25,000 ಡಾಲರ್ ಪರಿಹಾರವೂ ಬಂತು. ಅದಾಗಿ ಅವರು ಬದುಕಿದ್ದು ಮೂರೋ ನಾಲ್ಕೋ ವರ್ಷ.